ಗಂಗಾಂಬಿಕಾ ಹಾಕದ ರಜೆ

“ಇವತ್ತು ಬಂದ ಹುಡುಗೀನ, ಹೋದ ತಿಂಗಳು ಸತ್ತಾಕಿ ಹೆಸರು ಹಿಡಿದು ಕರೆದೆ, ಅಕ್ಕಾ.”

ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತಿದ್ದ ಮರುಳಸಿದ್ದಮ್ಮನಿಗೆ ಪಕ್ಕದ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಹೇಳಿದವಳು ಆಸ್ಪತ್ರೆಯಲ್ಲಿ ನೊಂದವರ ಮಾತು ಕೇಳುವ ಕೌನ್ಸೆಲರ್ ಗಂಗಾಂಬಿಕಾ. ಜೊತೆಗಿದ್ದವಳು ಅಲ್ಲಿಯ ಹಿರಿಯ ನರ್ಸ್ ಲಲಿತಾ.

“ಆಕಿ ಏನಂದ್ಲು?”

“‘ಮೇಡಂ, ನಿಮ್ದು ಊಟ ಆತಿಲ್ರಿ?’ ಅಂತ ನನ್ನೇ ಕೇಳಿದ್ಲು.”

“ಸಾವಿನ ಮನಿಗೆ ಹೋಗಿ ಬಂದ್ರ ಜಳಕ ಮಾಡ್ತೀವಿ. ನೀ ದಿನಾ ಸಾವಿನ ಮಾತು ಕೇಳಿ ಹಂಗ ಮನಿಗೆ ಹೋಗ್ತಿ.”

“ಜಳಕಾನೂ ಮಾಡಿ ನೋಡೀನಿ. ಆ ಮಾತು ತಲಿಯಿಂದ ಹೋಗವಲ್ದು.”

“ಹಂಗಾರ ಒಂದು ವಾರ ರಜಾ ಹಾಕು.”

“ನಾಳೆ ಆಕಿ ಮತ್ತ ಬರ್ತಾಳ. ಯಾರು ಕೇಳ್ತಾರ?”

“ಸತ್ತಾಕಿ ಹೆಸರು ಬರೋ ಬಾಯಾಗ ಆಕಿಗೆ ಏನು ಧೈರ್ಯ ಹೇಳ್ತೀಯವ್ವಾ?”

ಅಷ್ಟರಲ್ಲಿ ಕಂಪ್ಲಿ ಬಸ್ಸು ಬಂತು. ಲಲಿತಾ ಓಡಿಹೋಗಿ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿದು, ಬಸ್ಸು ಹತ್ತಿದಳು.

“ಜಲ್ದಿ ಬಾ! ಅರ್ಜಿ ದಾರ್ಯಾಗ ಬರಿಯೋಣು!”

ಎದ್ದು ನಿಂತ ಗಂಗಾಂಬಿಕಾ, ಮರುಳಸಿದ್ದಮ್ಮ ಕಣ್ಣೊರೆಸಿಕೊಳ್ಳುವುದನ್ನು ಕಂಡು ಮತ್ತೆ ಕೂತಳು.

“ಏನಾತ್ರಿ ಅಮ್ಮಾ? ಹೇಳ್ರಿ.”

ಅತ್ತಿದ್ದು ನಿನಗಾಗಿಯೇ ಎನ್ನಲು ಮರುಳಸಿದ್ದಮ್ಮನಿಗೆ ಬಾಯಿ ಬರಲಿಲ್ಲ. ಇಬ್ಬರನ್ನೂ ಬಿಟ್ಟು ಕಂಪ್ಲಿ ಬಸ್ಸು ಹೊರಟುಹೋಯಿತು.