ಅಲುಗಿದ ಫೋಟೊ

ಸೋಲೋ ಊರಿನ ಪುರ್ವೊಸಾರಿ ನಿಲ್ದಾಣದಲ್ಲಿ ಕ್ಲಾತೆನ್ ಕಡೆಯ ರೈಲಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಐವತ್ತು ದಾಟಿದ ಗಂಡಹೆಂಡತಿ ಕುಳಿತಿದ್ದರು. ಆಕೆಯ ಮಡಿಲಲ್ಲಿ ಕ್ಯಾಮೆರಾ ಇತ್ತು.

“ಕ್ಲಾತೆನ್‌ಗೆ ಯಾಕೆ ಅಂತ ಈಗ್ಲಾದ್ರೂ ಹೇಳು,” ಗಂಡ ಕೇಳಿದ.

“ಸಂತೇಲಿ ಸೋಯಾಕಾಳಿನ ತೆಂಪೆ ಮಾರ್ತಿದ್ದ ಕಾಸಿಯೆಮ್ ಅಜ್ಜಿ ಹೋಗ್ಬಿಟ್ರು ರೀ. ಮಗಳು ಫೋನ್ ಮಾಡಿದ್ಲು.”

“ಪಾಪ. ನಿಂಗ್ಯಾಕೆ ಮಾಡಿದ್ಲು?”

“ಹೋದ ತಿಂಗಳು ಅಜ್ಜಿ ಫೋಟೊ ತೆಗೆದಿದ್ನಲ್ಲ. ಗುರುತಿನ ಚೀಟಿದು ಬಿಟ್ರೆ ಮನೇಲಿ ಬೇರೆ ಫೋಟೊನೇ ಇಲ್ವಂತೆ. ಅದನ್ನ ಕೊಡಿ ಅಂತಾಳೆ.”

“ಕೊಡು, ಅದಕ್ಕೇನು?”

“ಅಳಿಸಿಬಿಟ್ಟೆ.”

ಗಂಡ ಟೋಪಿ ತೆಗೆದು ತಲೆ ಕೆರೆದುಕೊಂಡ.

“ನಗು ಬಂದು ಬಾಯಿಗೆ ಕೈ ಅಡ್ಡ ಇಟ್ಕೊಂಡ್ರು. ಫೋಟೊ ಅಲುಗಿತ್ತು. ಇಂಥವನ್ನೆಲ್ಲ ಇಟ್ಕೋಬೇಡಿ ಅಂತ ಫೋಟೊ ಕ್ಲಬ್ಬಿನ ಮೇಷ್ಟ್ರು ಅಂದಿದ್ರು.”

“ಮೂರು ವರ್ಷ ಗದ್ದೆ, ಗಲ್ಲಿ ಅಂತ ಸುತ್ತಿ ಕಲ್ತಿದ್ದು ಇದೇನಾ?”

“ಬೈಯ್ರಿ. ನಂಗೂ ನನ್ನ ಮೇಲೇ ಬೇಜಾರಾಗಿದೆ.”

“ಕ್ಯಾಮೆರಾ ಕೆಟ್ಟೋಯ್ತು ಅಂತ ಫೋನಲ್ಲೇ ಹೇಳಿದ್ರೆ ಮುಗೀತಿತ್ತು. ಈ ಸೆಕೇಲಿ ಅಲ್ಲೀವರೆಗೂ ಹೋಗ್ಬೇಕಾ?”

“ಚೆನ್ನಾಗಿಲ್ಲ ಅಂತ ನಾನೇ ಅಳಿಸಿದೆ ಅಂತ ಎದುರಿಗೇ ಹೇಳ್ತೀನಿ. ಅವತ್ತು ಅಜ್ಜಿ ಹೇಗೆ ನಕ್ರು ಅಂತಾನೂ ಹೇಳ್ತೀನಿ. ಅದು ನಂಗೆ ಚೆನ್ನಾಗಿ ನೆನಪಿದೆ.”

“ಅವಳು ಬೈದ್ರೆ?”

“ಬೈಸ್ಕೋತೀನಿ.”

ರೈಲು ಬಂತು. ಆಕೆ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಎದ್ದಳು. ಗಂಡನೂ ಎದ್ದ.

“ನಡಿ, ಇಬ್ರೂ ಬೈಸ್ಕೊಳ್ಳೋಣ,” ಅಂದ.

ನಾನು ಹಿಂದಿನ ಬೋಗಿ ಹತ್ತಿದೆ.