ನೀಲಿ ಸ್ಟೂಲಿನ ಬಗ್ಗೆ ಎರಡನೇ ಹೇಳಿಕೆ

ಕೆಳಗೆ ಸಹಿ ಮಾಡಿರುವ ನಾನು, ಹೆಂಗಸು, ವಯಸ್ಸು ಐವತ್ತೆಂಟು, ಕಸುಬು ಶಿಲ್ಪ, ವಾಸ ಮುಚ್ಚಿದ ಮುದ್ರಣಾಲಯದ ಎರಡನೇ ಮಹಡಿ, ಠಾಣೆಯ ಬರಹಗಾರರ ಎದುರು ಕೂತು ಬರೆಸುವುದೇನೆಂದರೆ:

ಜನ ಎಸೆದ ಸಾಮಾನು ಆಯ್ದು ಶಿಲ್ಪ ಮಾಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಇದೇ, ಈಗೀಗ ಸಾಕಾಗಿದೆ. ಜನವರಿ 30ರ ಸಂಜೆ 5.30ಕ್ಕೆ, ನಾಲ್ಕು ಮಹಡಿಯ ಕಚೇರಿಯೊಂದರ ಹಿಂದೆ, ನೀರಿನ ತೊಟ್ಟಿಯಿಂದ ಆರು ಅಡಿ ದೂರದಲ್ಲಿ ಒಂದು ನೀಲಿ ಸ್ಟೂಲು ಕಂಡಿತು. ಮುರಿದ ಕಾಲನ್ನು ಸೈಕಲ್ ಟ್ಯೂಬಿನಿಂದ ಕಟ್ಟಲಾಗಿತ್ತು. ಯಾರೋ ಬಿಟ್ಟುಹೋಗಿದ್ದಾರೆ ಎಂದು ಎತ್ತಿಕೊಂಡು ಬಂದೆ. ಗಂಟು ಹೊಸದೆಂಬುದು ಆಗಲೇ ಕಣ್ಣಿಗೆ ಬಿದ್ದಿತ್ತು. ಚೆಂದ ಇದೆ ಎಂದಷ್ಟೇ ಅಂದುಕೊಂಡೆ.

ಅದನ್ನು ಅಡಿಗಿಟ್ಟು, ಮೇಲೆ ನಾಲ್ಕು ಮುರುಕು ಕುರ್ಚಿ ಪೇರಿಸಿ, ತುದಿಗೆ ಯಾವುದೋ ಅಧಿಕಾರಿಯ ಹಳೇ ಚರ್ಮದ ಕುರ್ಚಿ ಏರಿಸಿದೆ. ಹೆಸರು 'ಕೂರಲು ಜಾಗ'. ಮಾರ್ಚ್ 5ರಿಂದ ಆ ಕಚೇರಿ ಇರುವ ಬೀದಿಯದೇ ಪ್ರದರ್ಶನ ಕೋಣೆಯಲ್ಲಿದೆ. ನಿನ್ನೆ, 13ರಂದು, ಬೆಳಿಗ್ಗೆ 10.20ಕ್ಕೆ ನೋಡಿದರೆ ಅಡಿಯಲ್ಲಿ ಸ್ಟೂಲಿರಲಿಲ್ಲ, ಅಷ್ಟೇ ಎತ್ತರದ ಬಣ್ಣದ ಡಬ್ಬವಿತ್ತು. ಡಬ್ಬ ಬಂದು ನಾಲ್ಕು ದಿನವಾಗಿತ್ತೆಂದು ಆಮೇಲೆ ತಿಳಿಯಿತು. ಆ ನಾಲ್ಕೂ ದಿನ ಪಕ್ಕದಲ್ಲೇ ನಿಂತು ಬಂದವರಿಗೆಲ್ಲ ಅಸಮಾನತೆಯ ಬಗ್ಗೆ ಕೊರೆದಿದ್ದೇನೆ. ಆದರೂ ಸಿಟ್ಟು ನೆತ್ತಿಗೇರಿ 11 ಗಂಟೆಗೆ ಕಳ್ಳತನದ ದೂರು ಕೊಟ್ಟೆ.

ಪ್ರದರ್ಶನ ಕೋಣೆಯಲ್ಲಿ ವಿಚಾರಿಸಿಕೊಂಡು, ಮಧ್ಯಾಹ್ನ 2.15ಕ್ಕೆ ಪೇದೆ ನನ್ನನ್ನು ಆ ಕಚೇರಿಗೆ ಕರೆದೊಯ್ದರು. ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಕಚೇರಿಯನ್ನೂ ಪ್ರದರ್ಶನ ಕೋಣೆಯನ್ನೂ ಗುಡಿಸುವ ಹೆಂಗಸು, ವಯಸ್ಸು ಸುಮಾರು ಅರವತ್ತು, ಅದೇ ಸ್ಟೂಲಿನ ಮೇಲೆ ಕೂತು ಊದಿದ ಮಂಡಿ ತಿಕ್ಕಿಕೊಳ್ಳುತ್ತಿದ್ದರು. ಕದ್ದಿದ್ದೇಕೆ ಎಂದು ಕೇಳಿದೆ. ಅದು ಬಿಟ್ಟಿದ್ದಲ್ಲಮ್ಮ, ಇಟ್ಟಿದ್ದು, ಎಂದರು. ಕಚೇರಿ ಕುರ್ಚಿ ಮುಟ್ಟೋ ಹಾಗಿಲ್ಲ, ಅದಕ್ಕೇ ಹಿಂದುಗಡೆ ಇಟ್ಕೊಂಡಿದ್ದೆ, ಅದು ಹೋದಾಗಿಂದ ನಿಂತೇ ಇದ್ದೆ, ಎಂದರು. ನಿಮ್ದು ಬೀಳಬಾರ್ದು ಅಂತ ಇಬ್ಬರು ಎತ್ತಿ ಹಿಡ್ಕೊಂಡು ಕೆಳಗೆ ಡಬ್ಬ ಕೊಟ್ಟಿದ್ದೀವಿ, ಎಂದೂ ಹೇಳಿದರು. ಪೊಲೀಸರು ಬಂದ ಕಾರಣಕ್ಕೆ, ಕೇಸು ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದು ಮೇಲ್ವಿಚಾರಕರು ನನ್ನೆದುರೇ ಅವರಿಗೆ ಹೇಳಿದರು.

ಇಂದು 9.40ಕ್ಕೆ ದೂರು ಹಿಂಪಡೆಯಲು ಬಂದೆ. ಬರೆದದ್ದನ್ನು ಅಳಿಸಲಾಗದು, ಬೇಕಾದರೆ ಇನ್ನೊಂದು ಹೇಳಿಕೆ ಕೊಡಿ ಎಂದು ಬರಹಗಾರರು ಹೇಳಿದರು. ತಪ್ಪು ತಿಳುವಳಿಕೆಯಿಂದ ಎಂದು ಹಾಕೋಣವೇ ಎಂದು ಕೇಳಿದರು. ಬೇಡವೆಂದೆ. ಸ್ಟೂಲು ಆಕೆಯದು. ಕೇಳದೆ ಒಯ್ದವಳು ನಾನು. ಇದರ ಒಂದು ಪ್ರತಿಯನ್ನು ಮೇಲ್ವಿಚಾರಕರಿಗೆ ಇಂದೇ ಕಳಿಸಬೇಕೆಂದು ಕೋರುತ್ತೇನೆ.

ಸಾಕ್ಷಿಯೆಂದು ನಿನ್ನೆ ಇಲ್ಲಿಗೆ ತಂದಿಟ್ಟ ಸ್ಟೂಲಿಗೆ ಠಾಣೆಯ ಚೀಟಿ ಅಂಟಿದೆ, ಸಾಹೇಬರು ಬರುವವರೆಗೆ ಯಾರೂ ಮುಟ್ಟುವಂತಿಲ್ಲ. ವಿಚಾರಣೆಗೆ ಕರೆಸಿರುವ ಆಕೆ, ನಾನು ಕೂತು ಇಷ್ಟನ್ನು ಬರೆಸಿದ ಒಂದು ಗಂಟೆ ಐದು ನಿಮಿಷವೂ, ನನ್ನಿಂದ ನಾಲ್ಕು ಅಡಿ ದೂರದಲ್ಲಿ ಗೋಡೆ ಹಿಡಿದು ನಿಂತಿದ್ದರು. ಈಗಷ್ಟೇ ನೋಡಿದೆ. ಎದ್ದು ಅವರನ್ನು ಕೂರಿಸಿದ್ದೇನೆ.

ಮೇಲಿನದನ್ನು ಓದಿ ಹೇಳಿದರು, ಕೇಳಿದೆ, ಒಂದಕ್ಷರವೂ ಸುಳ್ಳಲ್ಲ. ಸಹಿ ಸೊಟ್ಟಗಿರುವುದು ನಿಂತು ಹಾಕಿದ್ದರಿಂದ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನಾಂಕ: ಮಾರ್ಚ್ 14, ಬೆಳಿಗ್ಗೆ 10.45
(ಸಹಿ) ಶಿಲ್ಪಿ