ಓದಿದಂತೆ ಭಾವಿಸಿದ ಪ್ರಬಂಧ

೧೯೫೪. ಕಾಸರಗೋಡಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಣ್ಣ ತಂಗಿ ಕುಳಿತಿದ್ದರು. ತಂಗಿ ಮದರಾಸಿನ ಸಮ್ಮೇಳನದಲ್ಲಿ ಪ್ರಬಂಧ ಓದಲು ಹೋಗಿ, ಆಗಷ್ಟೇ ರೈಲಿಳಿದು ಬಂದವಳು.

"ಈ ಸಲವಾದರೂ ಪೂರ್ತಿ ಓದಿದೆಯಾ, ಸೌದಾಮಿನಿ?"

"ಹೋದ ಸಲ ಅರ್ಧಕ್ಕೆ ಗಂಟೆ ಬಾರಿಸಿದರು. ಈ ಸಲ ಎದ್ದು ನಿಲ್ಲಲಿಕ್ಕೂ ಬಿಡಲಿಲ್ಲ ಅಣ್ಣ."

"ಎಂತಕ್ಕೆ?"

"ಹೊತ್ತಾಗಿತ್ತು. ಅಧ್ಯಕ್ಷರು, 'ಓದಿದಂತೆ ಭಾವಿಸಲಾಗಿದೆ' ಅಂದರು. ಅಲ್ಲಿ ಹಾಗೊಂದು ಕ್ರಮ ಉಂಟು."

"ಊಟವನ್ನೂ ಉಂಡಂತೆ ಭಾವಿಸಿದರಾ?"

"ಅದಕ್ಕೆ ಹೊತ್ತಿತ್ತು. ಅಪ್ಪನಿಗೆ ಪೂರ್ತಿ ಓದಿದೆ ಅಂತಲೇ ಹೇಳು. ಪ್ರಬಂಧ ಚಂದ ಆದರೆ ಮದುವೆ ಮಾತು ಮುಂದಕ್ಕೆ ಹಾಕ್ತೇನೆ ಅಂದಿದ್ದಾರಲ್ಲ."

ಅಣ್ಣ ಬಸ್ಸು ಬರುವ ದಾರಿಯ ಕಡೆ ತಿರುಗಿದ.

"ಗಂಡಿನವರಿಗೆ ಅಪ್ಪನ ಒಪ್ಪಿಗೆಯ ಕಾಗದ ಹೋಗಿ ಆಯಿತು."

"ಯಾವಾಗ?"

"ನೀನು ರೈಲು ಹತ್ತಿದ ದಿನ. ಟಪಾಲಿಗೆ ಹಾಕಿದ್ದು ನಾನೇ."

ಮುಳ್ಳೇರಿಯದ ಬಸ್ಸು ಬಂತು. ಅಣ್ಣ ಅವಳ ಚೀಲಕ್ಕೆ ಕೈ ಚಾಚಿದ. ಅವಳು ಕೊಡಲಿಲ್ಲ, ತಾನೇ ಹೊತ್ತು ಹತ್ತಿದಳು.